ಕೋಷ್ಟಕದ ನಾಲ್ಕನೇ ಕಂಬಸಾಲು

ಕಳೆದ ಸಾಲಿನ ಅಭ್ಯಾಸ ಬೋಧನೆಯ ಎರಡನೇ ವಾರ. ಮಲೆನಾಡಿನ ಒಂದು ಪ್ರೌಢಶಾಲೆ, ಎಂಟನೇ ತರಗತಿ, ಹೊರಗೆ ಬಿಡದೆ ಸುರಿಯುತ್ತಿದ್ದ ಮಳೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸೂಕ್ಷ್ಮಜೀವಿಗಳ ಘಟಕದಲ್ಲಿ ಸಸ್ಯರೋಗಗಳ ಭಾಗವನ್ನು ತೆಗೆದುಕೊಂಡಿದ್ದರು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಚಾರ್ಟ್ ಅಚ್ಚುಕಟ್ಟಾಗಿತ್ತು. ರೋಗ, ರೋಗಕಾರಕ, ಲಕ್ಷಣ, ನಿಯಂತ್ರಣ ಎಂಬ ನಾಲ್ಕು ಕಂಬಸಾಲುಗಳು. ಪಠ್ಯದಲ್ಲಿರುವ ನಿಂಬೆಯ ಕಜ್ಜಿ, ಗೋಧಿಯ ತುಕ್ಕು, ಬೆಂಡೆಯ ಹಳದಿ ನಾಳದ ಮೊಸಾಯಿಕ್ ಇವುಗಳ ಕೆಳಗೆ, ಸ್ಥಳೀಯ ಉದಾಹರಣೆ ಇರಲಿ ಎಂದು, ಅಡಿಕೆಯ ಕೊಳೆರೋಗವನ್ನೂ ಸೇರಿಸಿದ್ದರು. ರೋಗಕಾರಕ: ಶಿಲೀಂಧ್ರ. ನಿಯಂತ್ರಣ: ಶಿಲೀಂಧ್ರನಾಶಕ ಸಿಂಪಡಣೆ.

ಪಾಠದ ನಡುವೆ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ನಮಗೆ ಜ್ವರ ಬಂದು ತಾನಾಗೇ ಬಿಡ್ತದಲ್ಲ, ಹಾಗೆ ಗಿಡಕ್ಕೂ ಬಂದು ಬಿಡ್ತದಾ?” ಪ್ರಶಿಕ್ಷಣಾರ್ಥಿ ಹೇಳಿದರು: “ಇಲ್ಲಮ್ಮ. ಗಿಡಗಳಿಗೆ ನಮ್ಮ ಹಾಗೆ ರೋಗನಿರೋಧಕ ಶಕ್ತಿ ಇಲ್ಲ. ಅದಕ್ಕೇ ಔಷಧಿ ಹೊಡೀಬೇಕು.” ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ಪಕ್ಕದ ಹುಡುಗ: “ಸರ್, ನಮ್ಮಪ್ಪ ಎಲೆಚುಕ್ಕಿಗೆ ತಂದ ಔಷಧಿನೇ ಕೊಳೆಗೂ ಹೊಡೆಸಿದ್ರು. ಎಲ್ಲಾ ಉದುರಿಹೋಯ್ತು.” ಉತ್ತರ: “ಪ್ರಮಾಣ ಕಡಿಮೆಯಾಗಿರಬೇಕು.”

ಎರಡೂ ಉತ್ತರಗಳು ತಪ್ಪು. ಆ ದಿನ ನನ್ನ ಪುಸ್ತಕದಲ್ಲಿ ನಾನು ಬರೆದದ್ದು ಹೀಗಿದೆ: “ಸ್ಥಳೀಯ ಉದಾಹರಣೆ ಬಳಸಿದ್ದೀರಿ. ಮಕ್ಕಳ ಪ್ರಶ್ನೆಗೆ ಸ್ಪಷ್ಟ ಉತ್ತರ. ಸಮಯ ಪಾಲನೆ ಉತ್ತಮ.” ಪ್ರಶಿಕ್ಷಣಾರ್ಥಿಯನ್ನು ದೂರುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ತಪ್ಪಾದದ್ದು ನಮಗಿಬ್ಬರಿಗೂ ಗೊತ್ತಾಗದೆ ಹೋದದ್ದು ಹೇಗೆ ಎಂಬುದೇ ನನ್ನ ತಕರಾರು. ಆ ನಾಲ್ಕು ಕಂಬಸಾಲಿನ ಚಾರ್ಟ್ ನಮ್ಮನ್ನು ಹಾಗೆ ಮಾಡಿತು ಎಂದು ನನಗೆ ಈಗ ಅನಿಸುತ್ತಿದೆ, ಮತ್ತು ಅದನ್ನು ನಮ್ಮ ಪಾಠಯೋಜನೆಗಳಿಂದ ತೆಗೆದುಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಹುಡುಗನ ಅಪ್ಪನ ತೋಟದ ವಿಷಯ. ಕೊಳೆರೋಗ ತರುವ ಫೈಟೋಫ್ತೊರಾ ನಿಜವಾದ ಶಿಲೀಂಧ್ರವಲ್ಲ. ನೋಡಲು ಬೂಷ್ಟಿನಂತೆ ಬಿಳಿಯಾಗಿ ಹಬ್ಬುತ್ತದೆ, ಅದಕ್ಕೇ ಹಳೆಯ ಪುಸ್ತಕಗಳೆಲ್ಲ ಅದನ್ನು ಶಿಲೀಂಧ್ರಗಳ ಜೊತೆಗೇ ಇಟ್ಟಿದ್ದವು. ಅದು ಊಮೈಸೀಟ್ಸ್ ಎಂಬ ಗುಂಪಿನದು. ಬಂಧುತ್ವ ನೋಡಿದರೆ ನಾಯಿಕೊಡೆಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇದ್ದರೆ, ಇದರದ್ದರಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅದರಂಥ ಗ್ಲೂಕನ್‌ಗಳು. ಎಲೆಚುಕ್ಕಿ ರೋಗಕ್ಕೆ ಕಾರಣವಾದ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ. ಅದಕ್ಕೆ ಹೊಡೆಯುವ ಪ್ರೊಪಿಕೊನಜೋಲ್ ಮಾಡುವ ಕೆಲಸವೆಂದರೆ ಶಿಲೀಂಧ್ರವು ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟಿರಾಲ್ ತಯಾರಿಸಿಕೊಳ್ಳದಂತೆ ತಡೆಯುವುದು. ಫೈಟೋಫ್ತೊರಾ ಎರ್ಗೊಸ್ಟಿರಾಲನ್ನು ತಯಾರಿಸುವುದೇ ಇಲ್ಲ! ಇಲ್ಲದ ಬಾಗಿಲಿಗೆ ಬೀಗ ಹಾಕಿದ ಹಾಗೆ. ಪ್ರಮಾಣ ದುಪ್ಪಟ್ಟು ಮಾಡಿದ್ದರೂ ಕಾಯಿ ಉದುರುತ್ತಿತ್ತು, ಖರ್ಚು ಮಾತ್ರ ದುಪ್ಪಟ್ಟಾಗುತ್ತಿತ್ತು. ಕಾರ್ಬೆಂಡಾಜಿಂ ಕೂಡ ಹೀಗೆಯೇ, ಊಮೈಸೀಟ್ಸ್ ಮೇಲೆ ಅದರ ಆಟ ನಡೆಯುವುದಿಲ್ಲ.

ಅದೇ ತೋಟದಲ್ಲಿ ಮೂರನೆಯದೊಂದು ಇದೆ. ಕೊಪ್ಪ, ಶೃಂಗೇರಿ, ಸುಳ್ಯದ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಹಳದಿ ಎಲೆ ರೋಗ. ಅದರ ಹಿಂದಿರುವುದು ಫೈಟೋಪ್ಲಾಸ್ಮಾ, ಅಂದರೆ ಕೋಶಭಿತ್ತಿಯೇ ಇಲ್ಲದ ಬ್ಯಾಕ್ಟೀರಿಯಾ ಜಾತಿ. ಮರದ ಆಹಾರನಾಳದೊಳಗೆ ಇರುತ್ತದೆ, ಜಿಗಿಹುಳದಂಥ ಸಣ್ಣ ಕೀಟದ ಮೂಲಕ ಮರದಿಂದ ಮರಕ್ಕೆ ಹೋಗುತ್ತದೆ. ಅದನ್ನು ವಾಸಿಮಾಡುವ ಸಿಂಪಡಣೆಯೇ ಇಲ್ಲ. ಹೀಗೆ ಒಂದು ಎಕರೆ ತೋಟದಲ್ಲಿ ಮೂರು ರೋಗ, ಮೂರು ಬೇರೆ ಬೇರೆ ಜೀವಿಗಳ ಸಾಮ್ರಾಜ್ಯ, ಮೂರು ಬೇರೆ ಬೇರೆ ದಾರಿ. ನಮ್ಮ ಚಾರ್ಟಿನಲ್ಲಿ ಮೂರಕ್ಕೂ ಒಂದೇ ಪದ: ಸಿಂಪಡಣೆ. ‘ರೋಗಕಾರಕ’ದ ಕಂಬಸಾಲನ್ನು ಮಕ್ಕಳು ಪರೀಕ್ಷೆಗೆ ಉರು ಹೊಡೆಯುತ್ತಾರೆ, ಮುಂದಿನ ಕಂಬಸಾಲು ಅದರ ಮೇಲೆ ನಿಂತಿದೆ ಎಂಬುದನ್ನು ನಾವು ತೋರಿಸುವುದೇ ಇಲ್ಲ.

ಇನ್ನು ಹುಡುಗಿಯ ಪ್ರಶ್ನೆ. ಅದು ಹೆಚ್ಚು ದೊಡ್ಡದು.

ಗಿಡಕ್ಕೆ ರೋಗನಿರೋಧಕ ಶಕ್ತಿ ಇಲ್ಲ ಎನ್ನುವುದಾದರೆ ಶಾಲೆಯ ಹಿಂದಿನ ಬೇಲಿ, ಬೆಟ್ಟದ ಸೊಪ್ಪು, ರಸ್ತೆ ಬದಿಯ ಹುಲ್ಲು ಇವೆಲ್ಲ ಹಸಿರಾಗಿ ನಿಂತಿರುವುದು ಹೇಗೆ? ಅವಕ್ಕೆ ಔಷಧಿ ಹೊಡೆಯುವವರು ಯಾರು? ಮಳೆಗಾಲದಲ್ಲಿ ಒಂದೊಂದು ಎಲೆಯ ಮೇಲೂ ಸಾವಿರಾರು ಬೀಜಾಣುಗಳು ಬೀಳುತ್ತವೆ. ಬಹುತೇಕ ಎಲೆಗಳಿಗೆ ಏನೂ ಆಗುವುದಿಲ್ಲ. ಭತ್ತದ ಬೆಂಕಿರೋಗ ಅಡಿಕೆಗೆ ಬರುವುದಿಲ್ಲ, ಅಡಿಕೆಯ ಕೊಳೆ ಭತ್ತಕ್ಕೆ ಬರುವುದಿಲ್ಲ. ಆರೋಗ್ಯವೇ ನಿಯಮ, ರೋಗ ಅಪವಾದ. ನಾವು ಪಾಠವನ್ನು ಅಪವಾದದಿಂದ ಶುರುಮಾಡಿ ಅಲ್ಲೇ ಮುಗಿಸುತ್ತಿದ್ದೇವೆ.

ಗಿಡಕ್ಕೆ ಇಲ್ಲದಿರುವುದು ರಕ್ತ, ಬಿಳಿ ರಕ್ತಕಣ ಮತ್ತು ಪ್ರತಿಕಾಯ. ಅದರಲ್ಲಿ ಪ್ರತಿಯೊಂದು ಕೋಶವೂ ತನ್ನ ಕಾವಲನ್ನು ತಾನೇ ಕಾಯುತ್ತದೆ. ಮೊದಲನೆಯದು ಎಲೆಯ ಮೇಲಿನ ಮೇಣದ ಪದರ ಮತ್ತು ಗಟ್ಟಿ ಕೋಶಭಿತ್ತಿ. ಇದು ಸಣ್ಣ ಅಡ್ಡಿಯಲ್ಲ. ಭತ್ತದ ಬೆಂಕಿರೋಗದ ಶಿಲೀಂಧ್ರ ಎಲೆಯ ಮೇಲೆ ಕುಳಿತು ಒಂದು ಒತ್ತುಗುಬ್ಬಿ ಬೆಳೆಸಿ, ಅದರೊಳಗೆ ಸುಮಾರು 8 ಮೆಗಾಪಾಸ್ಕಲ್ ಒತ್ತಡ ಕಟ್ಟಿಕೊಂಡು ಎಲೆಯನ್ನು ತೂತು ಮಾಡುತ್ತದೆ. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಯ ಸುಮಾರು ನಲವತ್ತು ಪಟ್ಟು. ಒಂಬತ್ತನೇ ತರಗತಿಯಲ್ಲಿ ಒತ್ತಡದ ಪಾಠ ಮಾಡುವಾಗಲೂ ಇದನ್ನು ಬಳಸಬಹುದು.

ಆ ಗೋಡೆ ದಾಟಿ ಬಂದದ್ದನ್ನು ಕೋಶ ಗುರುತಿಸುತ್ತದೆ. ಶಿಲೀಂಧ್ರದ ಕೈಟಿನ್ ಚೂರು, ಬ್ಯಾಕ್ಟೀರಿಯಾದ ಕಶಾಂಗದ ಪ್ರೋಟೀನು ಇಂಥವುಗಳನ್ನು ಕಂಡುಹಿಡಿಯುವ ಗ್ರಾಹಕಗಳು ಅದರ ಪೊರೆಯ ಮೇಲಿವೆ. ಗುರುತಿಸಿದ ಕೂಡಲೇ ಕೋಶಭಿತ್ತಿ ದಪ್ಪವಾಗುತ್ತದೆ, ವಿಷಕಾರಿ ಸಂಯುಕ್ತಗಳು ತಯಾರಾಗುತ್ತವೆ. ಇನ್ನೂ ಒಳಗೆ ನುಗ್ಗಿದರೆ ಕೊನೆಯ ಉಪಾಯ: ದಾಳಿಗೆ ಒಳಗಾದ ಕೋಶಗಳು ತಾವಾಗಿ ಸತ್ತು, ರೋಗಾಣುವನ್ನೂ ಜೊತೆಯಲ್ಲೇ ಸಿಕ್ಕಿಸಿಬಿಡುತ್ತವೆ. ಜೀವಂತ ಕೋಶ ಬೇಕಾದ ರೋಗಾಣು ಹಸಿವಿನಿಂದ ಅಲ್ಲೇ ನಿಂತುಹೋಗುತ್ತದೆ. ಇದನ್ನು ತರಗತಿಯಲ್ಲಿ ತೋರಿಸುವುದು ಕಷ್ಟವಿಲ್ಲ. ರಾಗಿ ಬೆಳೆಯುವ ಕಡೆಯ ಶಾಲೆಯಾದರೆ ಎರಡು ಎಲೆ ತನ್ನಿ. ರೋಗಕ್ಕೆ ತುತ್ತಾಗುವ ತಳಿಯ ಎಲೆಯಲ್ಲಿ ಬೆಂಕಿರೋಗದ ಮಚ್ಚೆ ಕದಿರಿನ ಆಕಾರದಲ್ಲಿ ಉದ್ದಕ್ಕೆ ಬೆಳೆದು, ನಡುವೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ತಡೆದುಕೊಳ್ಳುವ ತಳಿಯಲ್ಲಿ ಗುಂಡುಸೂಜಿಯ ತಲೆಯಷ್ಟೇ ಕಂದು ಚುಕ್ಕೆ. ನಮ್ಮ ಚಾರ್ಟಿನ ಪ್ರಕಾರ ಎರಡೂ ‘ಲಕ್ಷಣ’. ವಾಸ್ತವದಲ್ಲಿ ಎರಡನೆಯದು ಗಿಡ ಗೆದ್ದ ಜಾಗ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ರಾಗಿ ಇಷ್ಟು ಊರುಗಳಲ್ಲಿ ನಿಂತದ್ದಕ್ಕೆ ಕತ್ತಿನ ಬೆಂಕಿರೋಗವನ್ನು, ನಮ್ಮ ಕಡೆಯ ರೈತರು ಇಲುಕು ಎನ್ನುವುದನ್ನು, ಅದು ತಡೆದುಕೊಳ್ಳುವುದೇ ಮುಖ್ಯ ಕಾರಣ. ಆ ರೈತರು ಇಲುಕಿಗೆ ಏನೂ ಹೊಡೆಯುವುದಿಲ್ಲ. ಬಿತ್ತಿದ ಬೀಜದೊಳಗೇ ಔಷಧಿ ಇದೆ.

ಹುಡುಗಿಯ ಜ್ವರದ ಮಾತಿಗೂ ಉತ್ತರ ಇದೆ. 1961ರಲ್ಲಿ ಎ. ಎಫ್. ರಾಸ್ ಎಂಬ ವಿಜ್ಞಾನಿ ಹೊಗೆಸೊಪ್ಪಿನ ಗಿಡದ ಕೆಳಗಿನ ಎಲೆಗಳಿಗೆ ಮೊಸಾಯಿಕ್ ವೈರಸ್ ತಾಗಿಸಿ, ಕೆಲವು ದಿನ ಬಿಟ್ಟು ಮೇಲಿನ ಎಲೆಗಳಿಗೂ ತಾಗಿಸಿದರು. ಮೇಲಿನ ಎಲೆಗಳಲ್ಲಿ ಮಚ್ಚೆಗಳು ಕಡಿಮೆಯೂ ಸಣ್ಣವೂ ಆಗಿದ್ದವು. ಒಂದು ಎಲೆಗೆ ಆದ ಅನುಭವ ಇಡೀ ಗಿಡವನ್ನು ಎಚ್ಚರಿಸಿತ್ತು. ಈ ಎಚ್ಚರಿಕೆಯಲ್ಲಿ ಮುಖ್ಯ ಪಾತ್ರ ವಹಿಸುವುದು ಸ್ಯಾಲಿಸಿಲಿಕ್ ಆಮ್ಲ, ನಾವು ಜ್ವರಕ್ಕೆ ನುಂಗುತ್ತಿದ್ದ ಆಸ್ಪಿರಿನ್ನಿನ ಹತ್ತಿರದ ನೆಂಟ. ಎಂಟನೇ ತರಗತಿಯ ಮಗು ತನ್ನ ಜ್ವರದಿಂದ ಶುರುಮಾಡಿ ಅಷ್ಟು ಸರಿಯಾದ ಜಾಗಕ್ಕೆ ಬಂದು ನಿಂತಿತ್ತು. ನಾವು ‘ಇಲ್ಲಮ್ಮ’ ಎಂದು ಕೂರಿಸಿದೆವು.

ನಿರೋಧಕ ಶಕ್ತಿ ಎಂದರೆ ಶಾಶ್ವತ ರಕ್ಷಣೆ ಎಂದೂ ಹೇಳಬಾರದು. ಅಮೆರಿಕದ ನಾರ್ತ್ ಡಕೋಟಾದಲ್ಲಿ ಎಚ್. ಎಚ್. ಫ್ಲೋರ್ ಅಗಸೆಯ ತುಕ್ಕು ರೋಗವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಗಿಡದ ಒಂದು ನಿರೋಧಕ ಜೀನಿಗೆ ರೋಗಾಣುವಿನ ಒಂದು ಜೀನು ಜೋಡಿಯಾಗಿರುತ್ತದೆ ಎಂದು ತೋರಿಸಿದರು. ರೋಗಾಣುವಿನ ಆ ಜೀನು ಬದಲಾದರೆ ಗಿಡದ ಕಾವಲುಗಾರನಿಗೆ ಗುರುತೇ ಸಿಗುವುದಿಲ್ಲ. ಇದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆ. ತುಕ್ಕು ತಡೆಯುತ್ತದೆಂದು ಮೈಸೂರು ಸೀಮೆಯಲ್ಲಿ ಕೆಂಟ್ಸ್ ಕಾಫಿ ಎಲ್ಲ ಕಡೆ ಹಬ್ಬಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. 1932ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇಯ್ನ್ ತೋರಿಸಿದ್ದು, ಕಾಫಿಯ ತುಕ್ಕು ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ ಎಂದು. ಜೀವವಿಕಾಸಕ್ಕೆ ಉದಾಹರಣೆ ಬೇಕೆಂದು ನಾವು ಇಂಗ್ಲೆಂಡಿನ ಪತಂಗದ ಹಿಂದೆ ಹೋಗುತ್ತೇವೆ. ಬಾಳೆಹೊನ್ನೂರು ಇಲ್ಲೇ ಇದೆ.

ಅಡಿಕೆಯಲ್ಲಿ ಕೊಳೆಗೆ ಎದುರು ನಿಲ್ಲುವ ತಳಿ ಇನ್ನೂ ರೈತರ ಕೈಗೆ ಬಂದಿಲ್ಲ. ಅಲ್ಲಿ ಹೊರಗಿನಿಂದಲೇ ಕಾಯಬೇಕು. ಈ ಕಾಯುವ ಕೆಲಸವನ್ನು ತರಗತಿಗೆ ತರುವಾಗಲೂ ನಾವು ಕೊನೆಯ ಹೆಜ್ಜೆಯಿಂದ ಶುರುಮಾಡುತ್ತೇವೆ. ಫೈಟೋಫ್ತೊರಾದ ಬೀಜಾಣುಗಳಿಗೆ ಎರಡು ಕಶಾಂಗಗಳಿದ್ದು ಅವು ನೀರಿನಲ್ಲಿ ಈಜಿಕೊಂಡು ಹೋಗಿ ಕಾಯಿಗೆ ಅಂಟುತ್ತವೆ. ಹಾಗಾಗಿ ಬಿಡದೆ ಮಳೆ, ತಂಪು ಹವೆ, ಆರದ ಕಾಯಿ ಈ ಮೂರೂ ಸೇರಿದಾಗಲೇ ಕೊಳೆ ಜೋರಾಗುತ್ತದೆ. ಇಷ್ಟು ತಿಳಿದ ಮೇಲೆ ನಮ್ಮ ಹಿರಿಯರ ಕೊಟ್ಟೆ ಅರ್ಥವಾಗುತ್ತದೆ. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡಿ ಒಂದೊಂದು ಕೊನೆಗೂ ಕಟ್ಟುತ್ತಿದ್ದರು. ಈಜಲು ನೀರೇ ಸಿಗದಿದ್ದರೆ ರೋಗಾಣು ಬಂದು ಮಾಡುವುದೇನು? ಅವರಿಗೆ ಬೀಜಾಣು ಗೊತ್ತಿರಲಿಲ್ಲ, ನೀರು ಕಾರಣ ಎಂಬುದು ಗೊತ್ತಿತ್ತು. ಉದುರಿದ ಕೊಳೆಕಾಯಿ ಹೆಕ್ಕಿ ತೋಟದಿಂದ ಹೊರಹಾಕುವುದು, ಕೊಳೆತು ಒಣಗಿದ ಕೊನೆ ಮರದಲ್ಲೇ ಉಳಿಯದಂತೆ ತೆಗೆಯುವುದು, ಬಸಿಗಾಲುವೆ ಬಿಡಿಸುವುದು ಇವೂ ರೋಗ ನಿಯಂತ್ರಣವೇ. ಮಕ್ಕಳು ಮನೆಯಲ್ಲಿ ಮಾಡುವ ಕೆಲಸಗಳಿವು. ತರಗತಿಯಲ್ಲಿ ಅವಕ್ಕೆ ಹೆಸರೇ ಇಲ್ಲ.

1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ ಕೊಳೆರೋಗದ ಕಾರಣ ಫೈಟೋಫ್ತೊರಾ ಎಂದು ಗುರುತಿಸಿದರು, 1910ರಲ್ಲಿ ಅದನ್ನು ಪ್ರಕಟಿಸಿದರು. ಅವರು ಸೂಚಿಸಿದ್ದು ಬೋರ್ಡೋ ದ್ರಾವಣ. ಅದಾಗಲೇ ಫ್ರಾನ್ಸಿನಲ್ಲಿ ದ್ರಾಕ್ಷಿಯ ಬೂಜುರೋಗಕ್ಕೆ ಮಿಲ್ಲಾರ್ಡೆ 1885ರಲ್ಲಿ ಅದನ್ನು ಬಳಕೆಗೆ ತಂದಿದ್ದರು. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದರಂತೆ. ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಅವರು ಗಮನಿಸಿದರು. ಆ ಬೂಜುರೋಗವೂ ಊಮೈಸೀಟ್ಸ್ ಗುಂಪಿನದೇ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಅಂಗಮಾರಿ ರೋಗ ಫೈಟೋಫ್ತೊರಾದ ಇನ್ನೊಂದು ಪ್ರಭೇದದ್ದು.

ಬೋರ್ಡೋ ನೂರು ವರ್ಷ ದಾಟಿಯೂ ನಿಂತಿದೆ. ತಾಮ್ರವು ರೋಗಾಣುವಿನ ಒಂದೇ ಜಾಗಕ್ಕೆ ಹೊಡೆಯದೆ ಹಲವು ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತದೆ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಸುಲಭಕ್ಕೆ ಸಿಗುವುದಿಲ್ಲ. ಇದಕ್ಕೆ ಹೋಲಿಸಿದರೆ, ಊಮೈಸೀಟ್ಸ್‌ಗೆಂದೇ ಬಂದ ಮೆಟಲಾಕ್ಸಿಲ್ 1980ರ ಹೊತ್ತಿಗೇ ಐರ್ಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಸೋತಿತ್ತು. ಆದರೆ ಬೋರ್ಡೋ ಕಾಯಿಯ ಮೇಲಿನ ಹೊದಿಕೆ ಅಷ್ಟೇ. ಒಳಗೆ ಹೊಕ್ಕ ರೋಗವನ್ನು ಅದು ಅಟ್ಟುವುದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಎನ್ನುವುದಕ್ಕೆ ಕಾರಣ ಇದು. ಕೊಳೆ ಕಂಡ ಮೇಲೆ ಹೊಡೆದು ‘ಔಷಧಿ ಸರಿ ಇಲ್ಲ’ ಎನ್ನುವವರಿಗೆ ‘ರೋಗ ಬಂದರೆ ಸಿಂಪಡಿಸಬೇಕು’ ಎಂದು ಕಲಿಸಿದವರು ಬಹುಶಃ ನಾವೇ.

ಈ ದ್ರಾವಣದಲ್ಲಿ ಹತ್ತನೇ ತರಗತಿಯ ರಸಾಯನಶಾಸ್ತ್ರವೇ ಅಡಗಿದೆ ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯಬೇಕು, ಅದಲು ಬದಲಾಗಬಾರದು. ಕಬ್ಬಿಣದ ಪಾತ್ರೆ ಬಳಸಬಾರದು. ತಯಾರಾದ ಮೇಲೆ ರೈತರು ಹೊಳೆಯುವ ಕತ್ತಿಯನ್ನೋ ಚಾಕುವನ್ನೋ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಬಂದರೆ ಇನ್ನಷ್ಟು ಸುಣ್ಣ ಬೇಕು. ಇದು ನಾವು ಪ್ರಯೋಗಾಲಯದಲ್ಲಿ ಮಾಡಿಸುವ ‘ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ’ಯ ಪ್ರಯೋಗವೇ! ಬಿಡಿ ತಾಮ್ರ ಉಳಿದಿದ್ದರೆ ಕಬ್ಬಿಣ ಅದನ್ನು ಸ್ಥಾನಪಲ್ಲಟ ಮಾಡುತ್ತದೆ, ಬಿಡಿ ತಾಮ್ರ ಎಳೆ ಕಾಯಿಯನ್ನು ಸುಡುತ್ತದೆ. ಅಪ್ಪ ತೋಟದಲ್ಲಿ ಕತ್ತಿ ಅದ್ದುವುದನ್ನು ನೋಡಿದ ಮಗು ಶಾಲೆಗೆ ಬಂದು ಮೊಳೆ ಅದ್ದುತ್ತದೆ, ಎರಡೂ ಒಂದೇ ಎಂದು ಹೇಳುವವರಿಲ್ಲ. ತಾಮ್ರ ಮಣ್ಣಿನಲ್ಲೇ ಉಳಿದು ವರ್ಷದಿಂದ ವರ್ಷಕ್ಕೆ ಸೇರಿಕೊಳ್ಳುತ್ತದೆ ಎಂಬುದನ್ನೂ ಅಲ್ಲೇ ಹೇಳಬೇಕು. ಒಳ್ಳೆಯ ಮದ್ದು ಎಂದ ಮಾತ್ರಕ್ಕೆ ಲೆಕ್ಕವಿಲ್ಲದೆ ಹೊಡೆಯುವಂತಿಲ್ಲ.

ಈ ಮಾತುಗಳನ್ನು ನಮ್ಮ ಬೋಧಕರ ಕೊಠಡಿಯಲ್ಲಿ ಆಡಿದಾಗ ಎರಡು ಆಕ್ಷೇಪ ಬಂದವು. ಒಂದು, ಪರೀಕ್ಷೆಯಲ್ಲಿ ಕೇಳುವುದು ಕೋಷ್ಟಕವನ್ನೇ, ಮಕ್ಕಳ ಅಂಕ ಹಾಳುಮಾಡಬೇಡಿ ಎಂದು. ನಾನು ಕೋಷ್ಟಕ ಬೇಡ ಎನ್ನುತ್ತಿಲ್ಲ, ಗೋಡೆಗೆ ಮೊದಲೇ ತೂಗುಹಾಕಬೇಡಿ ಎನ್ನುತ್ತಿದ್ದೇನೆ. ಪಾಠದ ಕೊನೆಗೆ ಮಕ್ಕಳೇ ತುಂಬಲಿ. ಹಾಗೆ ತುಂಬಿದ ಮಗು ಮರೆಯುವುದು ಕಡಿಮೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು: “ಮೇಷ್ಟ್ರು ಔಷಧಿ ಹೇಳೋಕೆ ಹೋಗಬಾರದು. ತಪ್ಪಾದರೆ ಯಾರು ಹೊಣೆ?” ಒಪ್ಪುತ್ತೇನೆ. ಯಾವ ತೋಟಕ್ಕೆ ಏನು ಹೊಡೆಯಬೇಕೆಂದು ಹೇಳುವುದು ತೋಟಗಾರಿಕೆ ಇಲಾಖೆಯ, ಕೃಷಿ ವಿಜ್ಞಾನ ಕೇಂದ್ರದ ಕೆಲಸ. ಆದರೆ ‘ನಿಯಂತ್ರಣ: ಶಿಲೀಂಧ್ರನಾಶಕ’ ಎಂದು ಚಾರ್ಟಿನಲ್ಲಿ ಬರೆದಾಗ ನಾವು ಔಷಧಿ ಹೇಳಿಯೇ ಬಿಟ್ಟಿದ್ದೇವಲ್ಲ? ಅದೂ ಅರ್ಧಂಬರ್ಧ. ಮಗುವಿಗೆ ಒಂದು ಪ್ರಶ್ನೆ ಕಲಿಸಿದರೆ ಸಾಕು: ಇದು ಯಾವ ಜೀವಿಯಿಂದ ಬಂದದ್ದು, ಈ ಮದ್ದು ಆ ಜೀವಿಗೆ ಆಗುತ್ತದಾ? ಅಂಗಡಿಯಲ್ಲಿ ಅಪ್ಪನ ಪಕ್ಕ ನಿಂತು ಅದನ್ನು ಕೇಳುವ ಹುಡುಗನಿಂದ ಆ ವರ್ಷದ ಫಸಲು ಉಳಿಯಬಹುದು.

ನಮ್ಮ ವೀಕ್ಷಣಾ ನಮೂನೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಪೀಠಿಕೆ, ಬೋಧನೋಪಕರಣ, ಕಪ್ಪುಹಲಗೆ ಬಳಕೆ, ಧ್ವನಿ, ಸಮಯ ಎಲ್ಲಕ್ಕೂ ಅಂಕವಿದೆ. ಮಗುವಿನ ಪ್ರಶ್ನೆಗೆ ‘ನನಗೆ ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ’ ಎಂದ ಪ್ರಶಿಕ್ಷಣಾರ್ಥಿಗೆ ಅಂಕ ಕೊಡುವ ಜಾಗ ಎಲ್ಲೂ ಇಲ್ಲ. ಆ ದಿನ ಅವರು ಹಾಗೆ ಹೇಳಿದ್ದರೆ ನಾನು ‘ಪೂರ್ವಸಿದ್ಧತೆ ಸಾಲದು’ ಎಂದು ಬರೆಯುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಕೂಡಲೇ ಒಂದು ಉತ್ತರ ಕೊಟ್ಟರು.

ಈ ವರ್ಷ ನಾನು ಘಟಕದ ಕ್ರಮ ಬದಲಿಸಲು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿಕೊಂಡೆ. ಒಪ್ಪಿದರು. ಪ್ರಶಿಕ್ಷಣಾರ್ಥಿಯೊಬ್ಬರು ಮಕ್ಕಳಿಗೆ ಉದುರಿದ ಕಾಯಿ ತರಲು ಹೇಳಿ, ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು, ಮರುದಿನ ಮೇಲೆದ್ದ ಬಿಳಿ ಬೂಷ್ಟನ್ನು ತಣ್ಣೀರಿಗೆ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ಶಾಲೆಯ ಸೂಕ್ಷ್ಮದರ್ಶಕದ ಕನ್ನಡಿ ಮಸುಕಾಗಿತ್ತು, ಹೊರಗೆ ಮೋಡ ಬೇರೆ. ಮೊಬೈಲ್ ಟಾರ್ಚ್ ಹಿಡಿದು ನೋಡಬೇಕಾಯಿತು. ಸಣ್ಣ ಚುಕ್ಕೆಗಳು ಓಡಾಡುತ್ತಿದ್ದವು. ಎಲ್ಲವೂ ಕೊಳೆಯ ಬೀಜಾಣುಗಳೇ ಎಂದು ಆಣೆ ಮಾಡಲಾರೆ, ತೋಟದ ನೀರಿನಲ್ಲಿ ಈಜುವವು ಇನ್ನೂ ಹಲವಿವೆ. ಪ್ರಶಿಕ್ಷಣಾರ್ಥಿ ಅದನ್ನೂ ಮಕ್ಕಳಿಗೆ ಹೇಳಿದರು. ಆ ಇಡೀ ಅವಧಿಯಲ್ಲಿ ಗಂಟೆ ಬಾರಿಸುವವರೆಗೂ ಕಪ್ಪುಹಲಗೆಯ ಮೇಲೆ ಒಂದೇ ಒಂದು ಕಂಬಸಾಲು ತುಂಬಿತ್ತು, ರೋಗದ ಹೆಸರಿನದು. ಉಳಿದ ಮೂರನ್ನು ನಾಳೆಗೆ ಇಟ್ಟುಕೊಂಡರು. ಸರತಿಯಲ್ಲಿ ನಿಂತಿದ್ದ ಕೊನೆಯ ಹುಡುಗ ಕಣ್ಣಿಟ್ಟು ನೋಡಿ, ತಲೆ ಎತ್ತದೆಯೇ ಕೇಳಿದ: “ಸರ್, ಇದಕ್ಕೆ ಕೊಟ್ಟೆ ಕಟ್ಟಿದ್ರೆ ಸಾಕಿತ್ತಲ್ವಾ, ನಮ್ಮಜ್ಜ ಕಟ್ತಿದ್ರಂತೆ.”